ಚೆಸ್‌ನಲ್ಲಿ 1480 ರೇಟಿಂಗ್ ಇರುವ ಮಗುವಿಗೆ 1950 ಇರುವವರು ಎದುರಾದರೆ ರೇಟಿಂಗ್ ಎಷ್ಟು ಹೋಗುತ್ತದೆ?

ಪ್ರಶ್ನೆ (ತಾಯಿ, ತುಮಕೂರು): ನಮಸ್ಕಾರ ಸರ್. ಮಗಳಿಗೆ 12 ವರ್ಷ, ಫಿಡೆ (ವಿಶ್ವ ಚೆಸ್ ಸಂಸ್ಥೆ) ಕೊಡುವ ಕ್ಲಾಸಿಕಲ್ ರೇಟಿಂಗ್, ಅಂದರೆ ದೀರ್ಘ ಸಮಯದ ಆಟದ ರೇಟಿಂಗ್, 1480. ಬೆಂಗಳೂರಿನ ಟೂರ್ನಿಯಲ್ಲಿ ಮೊದಲ ರೌಂಡಿಗೇ 1950 ಇರುವವರು ಸಿಕ್ಕರು, ಸೋತಳು. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಿದರೆ ಮುಟ್ಟಲಿಲ್ಲ. ‘ರೇಟಿಂಗ್ ಎಲ್ಲಾ ಹೋಯ್ತು’ ಅಂತ ಒಂದೇ ಅಳು. ಹೀಗೆ ಯಾಕೆ ಜೋಡಿ ಹಾಕುತ್ತಾರೆ? ಎಷ್ಟು ಹೋಗಿರುತ್ತದೆ?

ಉತ್ತರ (ಆರ್ಬಿಟರ್, ಅಂದರೆ ಚೆಸ್ ಟೂರ್ನಿಯ ತೀರ್ಪುಗಾರ): ಮೇಡಂ, ಹೋಗಿರುವುದು ಬರೀ 3.2 ಅಂಕ. ಮೊದಲು ಅವಳಿಗೆ ಇದನ್ನು ಹೇಳಿ.

ಆರ್ಪಾಡ್ ಎಲೋ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಕಟ್ಟಿದ ಲೆಕ್ಕ ಇದು. ಫಿಡೆ 1970ರಿಂದ ಬಳಸುತ್ತಿದೆ. ಆಟಕ್ಕೆ ಮುಂಚೆಯೇ ಇಬ್ಬರಿಂದಲೂ ಎಷ್ಟು ಪಾಯಿಂಟ್ ನಿರೀಕ್ಷೆ (ಗೆದ್ದರೆ 1, ಡ್ರಾ ಆದರೆ 0.5, ಸೋತರೆ 0) ಅಂತ ಅದು ಹೇಳುತ್ತದೆ. ನಿಮ್ಮ ಮಗಳಿಗೂ ಎದುರಾಳಿಗೂ 470 ಅಂತರ. ಆದರೆ ಈ ಮಟ್ಟದ ಆಟಗಾರರಲ್ಲಿ 400ಕ್ಕಿಂತ ಜಾಸ್ತಿ ಅಂತರವನ್ನು 400 ಅಂತಲೇ ಹಿಡಿಯುತ್ತಾರೆ. ಆಗ ಅವಳ ನಿರೀಕ್ಷೆ 0.08. 18 ತುಂಬದ ಮಕ್ಕಳಿಗೆ, ರೇಟಿಂಗ್ 2300ಕ್ಕಿಂತ ಕಡಿಮೆ ಇದ್ದರೆ, ಕೆ (ಒಂದು ಆಟದಿಂದ ರೇಟಿಂಗ್ ಎಷ್ಟು ಬದಲಾಗಬಹುದು ಅನ್ನುವ ಗುಣಕ) ಅಂದರೆ 40. ಸಿಕ್ಕ ಪಾಯಿಂಟಿಗೂ ನಿರೀಕ್ಷೆಗೂ ಇರುವ ವ್ಯತ್ಯಾಸವನ್ನು ಕೆಯಿಂದ ಗುಣಿಸಿ ನೋಡಿ, 3.2.

ಈಗ ಇನ್ನೊಂದು ಕಡೆ ನೋಡಿ. ಡ್ರಾ ಮಾಡಿದ್ದರೆ 16.8 ಸಿಗುತ್ತಿತ್ತು, ಗೆದ್ದಿದ್ದರೆ 36.8! ಎದುರಾಳಿಯ ಕೆ 20 ಆಗಿದ್ದರೆ ಅವರಿಗೆ ಗೆದ್ದು ಬಂದದ್ದು 1.6 ಅಷ್ಟೇ. ಮಗು ಜೊತೆ ಡ್ರಾ ಆಗಿದ್ದರೆ 8.4 ಕಳೆದುಕೊಳ್ಳುತ್ತಿದ್ದರು. ಆ ಬೋರ್ಡಿನಲ್ಲಿ ಭಯ ಇರಬೇಕಾದದ್ದು ಅವರಿಗೆ, ಅಲ್ವಾ?

ಒಂದು ಮಾತು ಹೇಳಲೇಬೇಕು. 400ರ ನಿಯಮ ನೆರವಾಗುವುದು ದೊಡ್ಡ ರೇಟಿಂಗಿನವರಿಗೆ. ಅದಿಲ್ಲದಿದ್ದರೆ ಮಗಳಿಗೆ 2 ಅಂಕ ಮಾತ್ರ ಹೋಗುತ್ತಿತ್ತು. ಆದರೂ ನನಗೆ ಈ ನಿಯಮ ಬೇಕು. ಇಲ್ಲದಿದ್ದರೆ ಬಲವಾದ ಆಟಗಾರರು ನಮ್ಮೂರ ಕಡೆಯ ಓಪನ್ ಟೂರ್ನಿಗಳಿಗೆ ಬರಲು ಹಿಂಜರಿಯುತ್ತಾರೆ.

ಜೋಡಿ ಯಾರೂ ಬೇಕಂತ ಹಾಕಿದ್ದಲ್ಲ. ಸ್ವಿಸ್ ಪದ್ಧತಿಯಲ್ಲಿ (ಸೋತರೂ ಯಾರೂ ಹೊರಬೀಳದೆ ಎಲ್ಲ ರೌಂಡ್ ಆಡುವ ಪದ್ಧತಿ) ಮೊದಲ ರೌಂಡಿಗೆ ರೇಟಿಂಗ್ ಪಟ್ಟಿಯನ್ನು ಅರ್ಧಕ್ಕೆ ಭಾಗ ಮಾಡುತ್ತಾರೆ. 40 ಜನ ಇದ್ದರೆ 1ನೆಯವರಿಗೆ 21ನೆಯವರು.

ತಾಯಿ: ತುಂಬಾ ಥ್ಯಾಂಕ್ಸ್ ಸರ್. ಎರಡನೇ ರೌಂಡಿನಲ್ಲಿ ರೇಟಿಂಗೇ ಇಲ್ಲದ ಹುಡುಗನನ್ನು ಗೆದ್ದಳು. ಅದಕ್ಕೆ?

ಆರ್ಬಿಟರ್: ಟೂರ್ನಿಯ ಪಾಯಿಂಟ್ ಸಿಗುತ್ತದೆ, ರೇಟಿಂಗಿಗೆ ಲೆಕ್ಕವಿಲ್ಲ. ಮೊದಲ ರೌಂಡಿನ ಸ್ಕೋರ್ ಶೀಟ್ ಇದೆಯಾ? ಫೋಟೋ ಹಾಕಿ. ಎಷ್ಟನೇ ನಡೆವರೆಗೆ ಸಮ ಇತ್ತು, ಅವಳನ್ನೂ ಕೂರಿಸಿಕೊಂಡು ನೋಡೋಣ.