ಮ್ಯಾಗ್ನೆಟ್ ಕಡ್ಡಿ, ಸ್ಟೀಲ್ ಗುಂಡು: ಘನ ಯಾಕೆ ನಿಲ್ಲುತ್ತಿಲ್ಲ? ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ, ಕೇಳಿದವರು:

ನನ್ನ ಅಣ್ಣ ದುಬೈಯಿಂದ ಬರುವಾಗ ಮಗಳಿಗೆ ಒಂದು ಡಬ್ಬ ತಂದಿದ್ದಾನೆ. 36 ಮ್ಯಾಗ್ನೆಟ್ ಕಡ್ಡಿ, 20 ಸ್ಟೀಲ್ ಗುಂಡು. ಅವಳು ಆರನೇ ಕ್ಲಾಸು, ಇಲ್ಲೇ ಕನ್ನಡ ಮೀಡಿಯಂ. ಮೂರು ದಿನದಿಂದ ಘನ ಕಟ್ಟುತ್ತಾ ಇದ್ದಾಳೆ. ಹನ್ನೆರಡನೇ ಕಡ್ಡಿ ಇಟ್ಟು ಕೈ ಬಿಟ್ಟ ಕೂಡಲೇ ಇಡೀ ಘನ ಓರೆಯಾಗಿ ಮಲಗಿಬಿಡುತ್ತದೆ. ನಿನ್ನೆ ಅತ್ತೇ ಬಿಟ್ಟಳು. ಮ್ಯಾಗ್ನೆಟ್ಟಿನ ಶಕ್ತಿ ಕಮ್ಮಿಯಾ? ಬೇರೆ ಸೆಟ್ ತರಿಸಬೇಕಾ? ಮನೆಯಲ್ಲಿ ಮೂರು ವರ್ಷದ ಮಗನೂ ಇದ್ದಾನೆ, ಅದೂ ಒಂದು ಹೆದರಿಕೆ.

ಪೆರ್ಲದಿಂದ, ಗಣಿತ ಟೀಚರ್:

ಅಕ್ಕಾ, ಡಬ್ಬದಲ್ಲಿ ತಪ್ಪಿಲ್ಲ. ಮಗಳ ಕೈಯಲ್ಲಂತೂ ತಪ್ಪೇ ಇಲ್ಲ, ಮೊದಲು ಅವಳಿಗೆ ಇದನ್ನು ಹೇಳಿ. ಚೌಕ ಇರುವುದೇ ಹಾಗೆ.

ಮೂರು ಕಡ್ಡಿ, ಮೂರು ಗುಂಡು ಸೇರಿಸಿ ತ್ರಿಕೋನ ಮಾಡಿಸಿ. ಒಂದು ಮೂಲೆ ಹಿಡಿದು ಮೆಲ್ಲ ಒತ್ತಲಿ. ಆಕಾರ ಬದಲಾಗುವುದಿಲ್ಲ. ಈಗ ನಾಲ್ಕು ಕಡ್ಡಿಯ ಚೌಕ ಮಾಡಿ ಒತ್ತಲಿ. ಕಡ್ಡಿ ಒಂದೂ ಬಿಡುವುದಿಲ್ಲ, ಆದರೆ ಚೌಕ ಓರೆಯಾಗುತ್ತದೆ. ಗುಂಡಿನ ಮೇಲೆ ಕಡ್ಡಿ ಯಾವ ಕಡೆಗೆ ಬೇಕಾದರೂ ಜಾರಬಹುದು ಅಲ್ವಾ, ಅದೇ ಕಾರಣ. ಘನದಲ್ಲಿ ಇಂಥ ಚೌಕ ಆರು.

ಇದಕ್ಕೆ ಒಂದು ಲೆಕ್ಕ ಇದೆ. ಮ್ಯಾಕ್ಸ್‌ವೆಲ್ ಅನ್ನುವ ಭೌತವಿಜ್ಞಾನಿ 1864ರಲ್ಲಿ ಬರೆದದ್ದು. ಒಂದೊಂದು ಗುಂಡಿಗೂ ಅಲುಗಾಡಲು ಮೂರು ದಿಕ್ಕು. ಒಂದೊಂದು ಕಡ್ಡಿ ಒಂದೊಂದು ಅಲುಗಾಟವನ್ನು ತಡೆಯುತ್ತದೆ. ಇಡೀ ಆಕಾರವನ್ನು ಎತ್ತಿ ಸರಿಸುವುದು, ತಿರುಗಿಸುವುದು ಅಂತ ಆರು ಬಿಟ್ಟುಬಿಡಿ. ಅಂದರೆ ಗುಂಡಿನ ಸಂಖ್ಯೆಯನ್ನು ಮೂರರಿಂದ ಗುಣಿಸಿ, ಆರು ಕಳೆಯಿರಿ. ಕಡಿಮೆಯೆಂದರೂ ಅಷ್ಟು ಕಡ್ಡಿ ಬೇಕು. ಬರೀ ತ್ರಿಕೋನದ್ದೇ ಆಕಾರ ನೋಡಿ: ನಾಲ್ಕು ಮುಖದ್ದಕ್ಕೆ 4 ಗುಂಡು, 6 ಕಡ್ಡಿ: ಸರಿಹೋಯಿತು. ಎಂಟು ಮುಖದ್ದಕ್ಕೆ 6 ಗುಂಡು, 12 ಕಡ್ಡಿ: ಸರಿ. ಘನಕ್ಕೆ 8 ಗುಂಡು, ಬೇಕಾದದ್ದು 18 ಕಡ್ಡಿ, ಇರುವುದು 12. ಆರು ಕಮ್ಮಿ. ಮುಖವೂ ಆರು!

ಹಾಗಾದರೆ ಒಂದೊಂದು ಮುಖಕ್ಕೆ ಕರ್ಣವಾಗಿ ಒಂದೊಂದು ಕಡ್ಡಿ ಹಾಕೋಣ ಅಂದರೆ ಆಗುವುದಿಲ್ಲ. ಕರ್ಣ ಬಾಹುವಿನ 1.41 ಪಟ್ಟು ಉದ್ದ, ನಿಮ್ಮಲ್ಲಿರುವ ಕಡ್ಡಿ ಎಲ್ಲ ಒಂದೇ ಅಳತೆ. ದಾರಿ ಬೇರೆ ಇದೆ. ಆರೂ ಮುಖದ ಮೇಲೆ ಒಂದೊಂದು ಪಿರಮಿಡ್ ಕೂರಿಸಿ. ಒಂದಕ್ಕೆ ನಾಲ್ಕು ಕಡ್ಡಿ, ಮೇಲೊಂದು ಗುಂಡು. ಒಟ್ಟು 14 ಗುಂಡು, 36 ಕಡ್ಡಿ. ನಿಮ್ಮ ಡಬ್ಬದಲ್ಲಿ 36 ಕಡ್ಡಿ ಅಂದಿರಲ್ಲ, ಓದಿ ನನಗೇ ಖುಷಿಯಾಯಿತು. ಕೊನೆಯ ಪಿರಮಿಡ್ ಕೂರುವ ತನಕ ಅಲುಗಾಡುತ್ತಲೇ ಇರುತ್ತದೆ. ಒಂದು ಅಡಿಕೆ ಹಾಳೆಯ ತಟ್ಟೆಯಲ್ಲಿ ಇಟ್ಟು ಕಟ್ಟಲಿ, ನೀವು ಬದಿಯಿಂದ ಹಿಡಿದುಕೊಳ್ಳಿ. ಮುಗಿದ ಮೇಲೆ ಅದು ಸ್ವಲ್ಪ ವಾಲಿ ಕೂರುತ್ತದೆ, ಕೆಳಗೂ ಒಂದು ಚೂಪು ಇದೆಯಲ್ಲ. ಆದರೆ ಆಕಾರ ಬಿಡುವುದಿಲ್ಲ.

ಹೊಸೂರಿನಿಂದ, ಕಾರ್ಖಾನೆ ಕೆಲಸದವನು:

ಮೇಡಂ, ಟೀಚರ್ ಹೇಳಿದ್ದು ಸರಿ. ನನ್ನ ಕಡೆಯಿಂದ ಕೈಚಳಕದ ಒಂದೆರಡು ಮಾತು. ಕಡ್ಡಿಯ ಎರಡು ತುದಿಯಲ್ಲಿ ಎರಡು ಮ್ಯಾಗ್ನೆಟ್ ಇರುತ್ತದೆ, ನಡುವೆ ಕಬ್ಬಿಣದ ಪಿನ್ನು, ಮೇಲೆ ಪ್ಲಾಸ್ಟಿಕ್. ಗುಂಡು ಮ್ಯಾಗ್ನೆಟ್ ಅಲ್ಲ, ಬರೀ ಸ್ಟೀಲು. ಅದಕ್ಕೇ ಕಡ್ಡಿಯ ಯಾವ ತುದಿ ತಂದರೂ ಗುಂಡು ಬೇಡ ಅನ್ನುವುದಿಲ್ಲ. ಆದರೆ ಒಂದೇ ಗುಂಡಿಗೆ ಬಂದ ಕಡ್ಡಿಗಳೆಲ್ಲ ಉತ್ತರ ತುದಿಯನ್ನೇ ಕೊಟ್ಟರೆ ಹಿಡಿತ ಸಡಿಲ. ಉತ್ತರ, ದಕ್ಷಿಣ ಬೆರೆತರೆ ಗಟ್ಟಿ. ಎಲ್ಲಾದರೂ ಗಂಟು ಬಿಡುತ್ತಿದೆ ಅನಿಸಿದರೆ ಆ ಒಂದು ಕಡ್ಡಿಯನ್ನು ತಿರುಗಿಸಿ ಹಾಕಿ ನೋಡಿ. ನಾವು ಮನೆಯಲ್ಲಿ ಎಲ್ಲ ಕಡ್ಡಿಯನ್ನೂ ಒಂದು ದಿಕ್ಸೂಚಿಯ ಹತ್ತಿರ ಹಿಡಿದು, ಉತ್ತರದ ತುದಿಗೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದೇವೆ. ನನ್ನ ಮಗ ಈಗ ಚುಕ್ಕೆ ನೋಡಿಯೇ ಕಟ್ಟುತ್ತಾನೆ.

ಗುಂಡು ಕಳೆದುಹೋದರೆ ಚಿಂತೆ ಬೇಡ. ಬೇರಿಂಗ್ ಅಂಗಡಿಯಲ್ಲಿ ಬಿಡಿ ಗುಂಡು ಸಿಗುತ್ತದೆ. ಇರುವ ಗುಂಡು ಒಂದನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ ಅಳತೆ ತಾಳೆ ನೋಡಿ. ಬೇರಿಂಗ್ ಗುಂಡಿಗೆ ಮೇಲೆ ಲೇಪ ಇರುವುದಿಲ್ಲ, ನಿಮ್ಮ ಕಡೆ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಆಡಿದ ಮೇಲೆ ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು ಸವರಿಡಿ. ಕಡ್ಡಿಯನ್ನು ಒಲೆ ಹತ್ತಿರ ಇಡಬೇಡಿ. ಇಂಥ ಮ್ಯಾಗ್ನೆಟ್ ಬಿಸಿ ಜಾಸ್ತಿಯಾದರೆ ಶಕ್ತಿ ಕಳೆದುಕೊಳ್ಳುತ್ತದೆ, ಸಾಧಾರಣವಾದದ್ದಕ್ಕೆ 80 ಡಿಗ್ರಿಯೇ ಮಿತಿ.

ಮಂಜೇಶ್ವರದಿಂದ, ನರ್ಸ್:

ಮೂರು ವರ್ಷದ ಮಗು ಇದೆ ಅಂದಿರಿ. ಅದನ್ನು ಯಾರೂ ಮುಟ್ಟಲಿಲ್ಲ, ನಾನು ಗಟ್ಟಿಯಾಗಿ ಹೇಳುತ್ತೇನೆ. ಗುಂಡು ಗಂಟಲಲ್ಲಿ ಸಿಕ್ಕಬಹುದು, ಅದು ಒಂದು. ಅದಕ್ಕಿಂತ ದೊಡ್ಡ ಅಪಾಯ ಕಡ್ಡಿಯ ಪ್ಲಾಸ್ಟಿಕ್ ಒಡೆದು ಒಳಗಿನ ಮ್ಯಾಗ್ನೆಟ್ ಹೊರಗೆ ಬಂದಾಗ. ಎರಡು ಮ್ಯಾಗ್ನೆಟ್, ಅಥವಾ ಒಂದು ಮ್ಯಾಗ್ನೆಟ್ ಒಂದು ಗುಂಡು ಹೊಟ್ಟೆಗೆ ಹೋದರೆ, ಕರುಳಿನ ಎರಡು ಸುತ್ತು ನಡುವೆ ಸಿಕ್ಕಿ ಒಂದನ್ನೊಂದು ಎಳೆದು ಹಿಡಿಯುತ್ತವೆ. ಅಲ್ಲಿ ರಕ್ತ ಓಡುವುದು ನಿಂತು ಕರುಳು ತೂತಾಗುತ್ತದೆ. ಮೊದಲ ದಿನ ಮಗು ಆರಾಮಾಗಿಯೇ ಆಡಿಕೊಂಡಿರಬಹುದು. ನಮ್ಮ ಊರಲ್ಲಿ ನಾಣ್ಯ ನುಂಗಿದರೆ ಬಾಳೆಹಣ್ಣು ಕೊಟ್ಟು ಕಾಯುತ್ತಾರೆ. ಇದಕ್ಕೆ ಹಾಗೆ ಕಾಯಬಾರದು. ನುಂಗಿದ ಸಂಶಯ ಬಂದರೂ ಸಾಕು, ಕೂಡಲೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ, ಮ್ಯಾಗ್ನೆಟ್ ಅಂತ ಬಾಯಿಬಿಟ್ಟು ಹೇಳಿ.

ವಾರಕ್ಕೊಮ್ಮೆ ಕಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಬಿರುಕು ಕಂಡರೂ ಆ ಕಡ್ಡಿ ಬೇಡ. ಆಟ ಮುಗಿದ ಮೇಲೆ 36, 20 ಅಂತ ಎಣಿಸಿಯೇ ಡಬ್ಬ ಮುಚ್ಚಲಿ. ಮತ್ತೆ, ಬರೀ ಮ್ಯಾಗ್ನೆಟ್ಟಿನದೇ ಸಣ್ಣ ಸಣ್ಣ ಮಣಿ ಬರುತ್ತದಲ್ಲ, ಅದನ್ನು ಮಾತ್ರ ಮನೆಗೆ ತರಲೇಬೇಡಿ. ಮನೆಯಲ್ಲಿ ಹಿರಿಯರಿಗೆ ಪೇಸ್‌ಮೇಕರ್ ಇದ್ದರೆ ಅವರಿಂದ ಈ ಕಡ್ಡಿಗಳೂ ದೂರ ಇರಲಿ.

ಅಕ್ಕಲಕೋಟೆಯಿಂದ, ಕನ್ನಡ ಶಾಲೆಯ ಮಾಸ್ತರ:

ಅಕ್ಕಾರೆ, ನಮ್ಮ ಶಾಲೆಯಲ್ಲಿ ಇಂಥ ಸೆಟ್ ಇಲ್ಲ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರು ತೋರಿಸಿಕೊಟ್ಟ ಹಾಗೆ ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡಿನಲ್ಲೇ ಇದನ್ನೆಲ್ಲ ಮಾಡುತ್ತೇವೆ. ಮದ್ದು ಕೆರೆದು ತೆಗೆದ ಕಡ್ಡಿ ಬಳಸ್ರಿ. ರಬ್ಬರಿನ ಗಂಟಿನಲ್ಲೂ ಚೌಕ ವಾಲುತ್ತದೆ, ತ್ರಿಕೋನ ನಿಲ್ಲುತ್ತದೆ. ಮಗಳ ಗೆಳತಿಯರು ಬಂದರೆ ಎಲ್ಲರ ಕೈಗೂ ಕೆಲಸ ಸಿಗುತ್ತದೆ, ಅದಕ್ಕೆ ಹೇಳಿದೆ.

ಪೆರ್ಲದ ಟೀಚರ್ ಮತ್ತೆ:

ಘನ ಆದ ಮೇಲೆ ಇಪ್ಪತ್ತು ಮುಖದ್ದು ಮಾಡಿಸಿ. 12 ಗುಂಡು, 30 ಕಡ್ಡಿ. ಒಂದು ಗುಂಡಿನ ಸುತ್ತ ಐದು ತ್ರಿಕೋನ ಸೇರಿಸಿದರೆ ಅದು ಚಪ್ಪಟೆ ಕೂರುವುದಿಲ್ಲ, ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಹಾಗೆ ಮೇಲೇಳುತ್ತದೆ. ಆರು ಸೇರಿಸಿದರೆ ಚಪ್ಪಟೆ. ಅಂಥ ಎರಡು ಮುಟ್ಟಾಳೆ ಮಾಡಿ, ಒಂದನ್ನು ಮಗುಚಿ ಕೆಳಗಿಟ್ಟು, ನಡುವೆ ಹತ್ತು ಕಡ್ಡಿಯನ್ನು ಅಂಕುಡೊಂಕಾಗಿ ಕೂರಿಸಬೇಕು. ಕೈಯಲ್ಲಿ ಉರುಳಿಸಿದರೂ ಬೀಳುವುದಿಲ್ಲ. ಹನ್ನೆರಡು ಮುಖದ್ದಕ್ಕೂ 30 ಕಡ್ಡಿಯೇ, ಗುಂಡು 20. ನಿಮ್ಮ ಡಬ್ಬಕ್ಕೆ ಲೆಕ್ಕ ಸರಿ, ಆದರೆ ಮುಖ ಎಲ್ಲ ಪಂಚಕೋನ. ನಿಲ್ಲಲು 54 ಕಡ್ಡಿ ಬೇಕಿತ್ತು. ಅದನ್ನು ಈಗ ಹಿಡಿಯುವುದು ಬೇಡ.

ಬದಿಯಡ್ಕದಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಉಪಕಾರ. ಡಬ್ಬ ಈಗ ಅಟ್ಟದ ಮೇಲೆ. ಮಗ ಮಲಗಿದ ಮೇಲೆಯೇ ಕೆಳಗೆ ಇಳಿಯುವುದು. ಪಿರಮಿಡ್ ಹಾಕಿದ ಘನ ನಿನ್ನೆ ರಾತ್ರಿ ನಿಂತಿತು. ಇವತ್ತು ಇಪ್ಪತ್ತು ಮುಖದ್ದೂ ಆಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದಳು: ಇದರ ನಡುವೆ ಒಂದು ಗುಂಡು ಇಟ್ಟು ಎಲ್ಲ ಮೂಲೆಗೂ ಕಡ್ಡಿ ಕೊಡಬಹುದಾ ಅಮ್ಮಾ? ಏನು ಹೇಳಲಿ ಟೀಚರ್?

ಪೆರ್ಲದ ಟೀಚರ್:

ಕೂರುವುದಿಲ್ಲ. ಗುಂಡಿನ ನಡುವಿನಿಂದ ಗುಂಡಿನ ನಡುವಿಗೆ ಅಂಚು 100 ಅಂತ ಇಟ್ಟುಕೊಂಡರೆ, ಮಧ್ಯದಿಂದ ಮೂಲೆಗೆ 95 ಮಾತ್ರ. ಕಡ್ಡಿ ಒಂಚೂರು ಉದ್ದವಾಯಿತು. ಆದರೆ ಈಗಲೇ ಇದನ್ನು ಅವಳಿಗೆ ಹೇಳಬೇಡಿ. ಇಪ್ಪತ್ತು ಮುಖದ್ದನ್ನು ಬಿಚ್ಚಿ, 7 ಗುಂಡು 15 ಕಡ್ಡಿಯಲ್ಲಿ ಎರಡು ಮುಟ್ಟಾಳೆಯನ್ನು ಅಂಚಿಗೆ ಅಂಚು ಸೇರಿಸಿದ ಆಕಾರ ಮಾಡಲಿ. ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಳಗಿಂದ ಒಂದು ಕಡ್ಡಿ ಕೊಟ್ಟು ನೋಡಲಿ. ಅಲ್ಲಿ ಬೇಕಾದದ್ದು 105. ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಸಣ್ಣ ಸಂದು ಉಳಿಯುತ್ತದೆ, ಇಲ್ಲವೇ ಮ್ಯಾಗ್ನೆಟ್ ಎಳೆದು ಬೇರೆಲ್ಲೋ ಗಂಟು ಬಿಡಿಸುತ್ತದೆ. ಆ ಸಂದನ್ನು ಅವಳೇ ಕಾಣಲಿ. ಆಮೇಲೆ ನಡುವಿನ ಗುಂಡಿನ ವಿಷಯ ಇನ್ನೊಮ್ಮೆ ಕೇಳಿ, ಅವಳು ಏನಂತಾಳೆ ಅಂತ ನನಗೆ ಬರೆಯಿರಿ.