ಎರಡನೇ ಕ್ಲಾಸಿಗೆ ಟ್ಯಾಬ್ ಕಡ್ಡಾಯ ಅಂತೆ, ಏನ್ ಮಾಡೋದು?

ಗೋರಿಕಾಯಿ ಕೇಳಿದ್ದು:

ನಮ್ಮ ಮಗಳು ಜೂನ್‌ಗೆ ಎರಡನೇ ಕ್ಲಾಸು. ಬೆಂಗಳೂರಿನ ಒಂದು ಖಾಸಗಿ ಶಾಲೆ, ಹೆಸರು ಬೇಡ. ಮೊನ್ನೆ ಪೋಷಕರನ್ನೆಲ್ಲ ಕರೆದು, ಈ ವರ್ಷದಿಂದ ಗಣಿತ, ಇಂಗ್ಲಿಷು, ಕನ್ನಡ ಮೂರೂ ಟ್ಯಾಬ್‌ನಲ್ಲೇ, ಟ್ಯಾಬ್ ನಾವೇ ಕೊಡ್ತೀವಿ, ದುಡ್ಡು ಫೀಸಿನ ಜೊತೆ ಕಟ್ಟಿ ಅಂದರು. ದಿನಕ್ಕೆ ಎಷ್ಟು ಹೊತ್ತು ಅಂತ ಕೇಳಿದೆ. "ಅಗತ್ಯ ಇದ್ದಷ್ಟು ಮೇಡಂ" ಅಂದರು.

ಡೆಮೋಗೆ ಮಗಳ ಕೈಗೂ ಒಂದು ಕೊಟ್ಟರು. ಮೇಲೆ ಆನೆ ಚಿತ್ರ, ಕೆಳಗೆ ಮೂರು ಪದ. ಅವಳು ಓದಲೇ ಇಲ್ಲ. ಮೊದಲನೆಯದು ಒತ್ತಿದಳು, ಕೆಂಪು. ಎರಡನೆಯದು, ಕೆಂಪು. ಮೂರನೆಯದು ಒತ್ತಿದಾಗ ಹಸಿರು, ಚಪ್ಪಾಳೆ, ನಕ್ಷತ್ರ. ಪಕ್ಕದಲ್ಲಿದ್ದ ಮಿಸ್ "ವೆರಿ ಗುಡ್ ಪುಟ್ಟಾ" ಅಂದುಬಿಟ್ಟರು!

ಯಜಮಾನರು ಕಾಲಕ್ಕೆ ತಕ್ಕ ಹಾಗೆ ಇರಬೇಕು ಅಂತಾರೆ, ಅತ್ತೆ ಕಣ್ಣು ಹೋಗುತ್ತೆ ಅಂತಾರೆ. ನನಗೆ ಎರಡೂ ಪೂರ್ತಿ ಸರಿ ಅನ್ನಿಸುತ್ತಿಲ್ಲ. ಅನುಭವ ಇದ್ದವರು ಹೇಳಿ.

ಬಳಪದ ಮೇಷ್ಟ್ರು:

ನಾನು ಸರ್ಕಾರಿ ಶಾಲೆಯವನು, ಚಾಮರಾಜನಗರದ ಕಡೆ. ಹದಿನಾಲ್ಕು ವರ್ಷದಿಂದ ನಲಿ-ಕಲಿ ಮಾಡುತ್ತಿದ್ದೇನೆ, ಅಂದರೆ ಒಂದರಿಂದ ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ.

"ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುತ್ತೆ" ಅಂತ ಟ್ಯಾಬ್ ಮಾರೋರು ಹೇಳ್ತಾರಲ್ಲ, ಅದನ್ನು ನಮ್ಮ ಎಚ್.ಡಿ. ಕೋಟೆಯಲ್ಲಿ 1995ರಲ್ಲೇ ರಟ್ಟಿನ ಕಾರ್ಡು ಇಟ್ಟುಕೊಂಡು ಶುರು ಮಾಡಿದ್ದರು. ಮಗು ಬೆಳಿಗ್ಗೆ ಬಂದು ಕಲಿಕಾ ಏಣಿ ನೋಡುತ್ತೆ, ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಹುಡುಕುತ್ತೆ, ಕಾರ್ಡು ತೆಗೆದುಕೊಂಡು ತನ್ನ ತಟ್ಟೆಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಹೋಗಿ ಕೂರುತ್ತೆ. ಒಂದು ವಾರ ಜ್ವರ ಬಂದು ಮಲಗಿದ್ದರೂ ಬಿಟ್ಟ ಮೆಟ್ಟಿಲಿಂದಲೇ ಶುರು. ಚಾರ್ಜರ್ ಬೇಡ. ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ, ಕಾರ್ಡು ಕಳೆದುಹೋಗುತ್ತವೆ, ಒಬ್ಬನೇ ಮೇಷ್ಟ್ರು ಆದರೆ ಮೂರೂ ತರಗತಿ ಹಿಡಿಯೋದರಲ್ಲಿ ಜೀವ ಹೋಗುತ್ತೆ.

ನಮಗೂ ಯಾರೋ ದಾನಿಗಳು ನಾಲ್ಕು ಟ್ಯಾಬ್ ಕೊಟ್ಟಿದ್ದರು. ಅಕ್ಷರ ತಿದ್ದುವ ಆಟ ಇತ್ತು. ಒಬ್ಬ ಹುಡುಗ "ಮ" ಮೇಲೆ ಬೆರಳಿಟ್ಟು ಪಾತ್ರೆ ಉಜ್ಜಿದ ಹಾಗೆ ಗೀಚಿದ. ಚುಕ್ಕಿ ಮೇಲೆಲ್ಲ ಬಣ್ಣ ತುಂಬಿತು, ಗಂಟೆ ಹೊಡೆಯಿತು, ಅವನು ಮುಂದಿನ ಅಕ್ಷರಕ್ಕೆ ಹೋದ. ಆಮೇಲೆ ಸ್ಲೇಟು ಕೊಟ್ಟು "ಮ ಬರಿಯೋ" ಅಂದೆ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿಲ್ಲ, ಬಳಪ ಹಿಡಿದು ನನ್ನ ಮುಖ ನೋಡಿದ. ಸ್ಲೇಟಿನಲ್ಲಾದರೆ ಹಿಂದೆ ನಿಂತು ಅವನ ಕೈ ಯಾವ ಕಡೆ ತಿರುಗುತ್ತಿದೆ ಅಂತ ನೋಡಿ ಅಲ್ಲೇ ತಿದ್ದಬಹುದು. ನಮ್ಮ ಒತ್ತಕ್ಷರ ಎಲ್ಲ ಕೈಗೆ ಕೂರಬೇಕಾದದ್ದು, ಮೇಡಂ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ದೀಕ್ಷಾ ಆಪ್‌ನಲ್ಲಿ ವಿಡಿಯೋ ನಾನೂ ತೋರಿಸುತ್ತೇನೆ. ಆದರೆ ಫೋನು ನನ್ನ ಕೈಯಲ್ಲಿರುತ್ತೆ.

ಕೋಡುಬಳೆ:

ಮೇಷ್ಟ್ರೇ, ನಿಮ್ಮಂಥವರು ಎಲ್ಲ ಶಾಲೆಯಲ್ಲೂ ಇದ್ದಿದ್ದರೆ ನಾನು ಮಾತೇ ಆಡ್ತಿರಲಿಲ್ಲ. ನನ್ನ ಮಗನ ಕ್ಲಾಸಲ್ಲಿ 45 ಮಕ್ಕಳು. ಅವನು ಓದುವಾಗ ಎಡವುತ್ತಾನೆ ಅಂತ ಮಿಸ್‌ಗೆ ಗೊತ್ತಾಗಿದ್ದೇ ನಾಲ್ಕನೇ ಕ್ಲಾಸಲ್ಲಿ. ಆಪ್‌ನಲ್ಲಿ ಜೋರಾಗಿ ಓದಿಸಿ, ತಪ್ಪಿದ ಪದ ಮತ್ತೆ ಮತ್ತೆ ಬರೋ ಹಾಗೆ ಮಾಡಿದ ಮೇಲೆ ಸುಧಾರಿಸಿದ. ಎಲ್ಲರ ಮುಂದೆ ತಪ್ಪು ಓದಿ ನಗಿಸಿಕೊಳ್ಳೋ ಭಯ ಇಲ್ಲ ಅಲ್ವಾ, ಅದೂ ಒಂದು. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ಸಾಫ್ಟ್‌ವೇರ್ ಇಟ್ಟು, ಲಾಟರಿ ಎತ್ತಿ ಮಕ್ಕಳನ್ನ ಎರಡು ಗುಂಪು ಮಾಡಿ ಪರೀಕ್ಷಿಸಿದ್ದರು. ಸೇರಿದ ಮಕ್ಕಳು ಗಣಿತ, ಹಿಂದಿ ಎರಡರಲ್ಲೂ ಚೆನ್ನಾಗೇ ಮುಂದೆ ಹೋದರು. ಸುಮ್ನೆ ಟ್ಯಾಬ್ ಅಂದ ತಕ್ಷಣ ಮೂಗು ಮುರಿಯೋದು ಸರಿಯಲ್ಲ.

ಬಳಪದ ಮೇಷ್ಟ್ರು:

ಅದನ್ನು ನಾನೂ ಓದಿದ್ದೇನೆ ಸರ್. ಅಲ್ಲಿದ್ದವರು ಹೆಚ್ಚಾಗಿ ಆರರಿಂದ ಎಂಟನೇ ತರಗತಿ ಮಕ್ಕಳು, ಶಾಲೆ ಬಿಟ್ಟ ಮೇಲೆ ಬರುತ್ತಿದ್ದರು. ಒಂದೂವರೆ ಗಂಟೆಯಲ್ಲಿ ಅರ್ಧ ಹೊತ್ತು ಕಂಪ್ಯೂಟರ್, ಇನ್ನರ್ಧ ಸಣ್ಣ ಗುಂಪಿಗೆ ಪಾಠ ಹೇಳೋ ಮನುಷ್ಯರು. ಇಲ್ಲಿ ಕೇಳಿರೋದು ಏಳು ವರ್ಷದ ಮಗು ಬಗ್ಗೆ.

ಕೋಡುಬಳೆ:

ಅದು ಒಪ್ಪಿದೆ. ನನ್ನ ಮಗ ಒಂಬತ್ತು ವರ್ಷದವನು, ಎದುರಿಗೆ ನಾನೇ ಕೂತಿರುತ್ತಿದ್ದೆ. ಅದನ್ನ ಹೇಳಬೇಕಿತ್ತು.

ಸ್ಟಾಕ್‌ಹೋಮ್ ಕನ್ನಡಿಗ:

ಯಾರಾದರೂ "ಸ್ವೀಡನ್ ಟ್ಯಾಬ್ ಬ್ಯಾನ್ ಮಾಡಿದೆ" ಅಂತ ವಾಟ್ಸಾಪ್ ಸಂದೇಶ ಹಾಕುವ ಮುಂಚೆ ಹೇಳಿಬಿಡ್ತೀನಿ, ಹಾಗೇನಿಲ್ಲ. 2019ರಲ್ಲಿ ಇಲ್ಲಿ ಪ್ರಿಸ್ಕೂಲ್‌ಗೂ ಡಿಜಿಟಲ್ ಸಾಧನ ಬೇಕೇ ಬೇಕು ಅಂತ ಪಠ್ಯಕ್ರಮದಲ್ಲಿ ಹಾಕಿದ್ದರು. 2023ರಲ್ಲಿ ಸರ್ಕಾರ ಆ ಕಡ್ಡಾಯ ತೆಗೀತೀವಿ ಅಂದಿತು, ಶಾಲೆಗಳಿಗೆ ಪುಸ್ತಕ ಕೊಳ್ಳೋಕೆ ದುಡ್ಡು ಕೊಟ್ಟಿತು. ದೊಡ್ಡ ಮಕ್ಕಳ ಕೈಯಲ್ಲಿ ಲ್ಯಾಪ್‌ಟಾಪ್ ಈಗಲೂ ಇದೆ. ಇಷ್ಟು ದುಡ್ಡಿರೋ ದೇಶವೇ ಚಿಕ್ಕ ಮಕ್ಕಳ ವಿಷಯದಲ್ಲಿ ಎರಡು ಹೆಜ್ಜೆ ಹಿಂದೆ ಇಟ್ಟಿದೆ ಅಂದರೆ, ನಿಮ್ಮ ಶಾಲೆಯವರು ಅಷ್ಟು ಅವಸರ ಯಾಕೆ ಮಾಡ್ತಿದ್ದಾರೆ ಅಂತ ಕೇಳಬಹುದು ಅಕ್ಕಾ.

ಗೋರಿಕಾಯಿ:

ಎಲ್ಲರಿಗೂ ಥ್ಯಾಂಕ್ಸ್. 2020ರಲ್ಲಿ ಆನ್‌ಲೈನ್ ಕ್ಲಾಸ್ ಗಲಾಟೆ ಆದಾಗ ಕೇಂದ್ರದ ಪ್ರಜ್ಞಾತಾ ಮಾರ್ಗಸೂಚಿಯಲ್ಲಿ ಒಂದರಿಂದ ಎಂಟನೇ ಕ್ಲಾಸಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಪಾಠ, ಅದಕ್ಕಿಂತ ಜಾಸ್ತಿ ಬೇಡ ಅಂತ ಇತ್ತು. ಶಾಲೆ ಮುಚ್ಚಿದ್ದಾಗಲೇ ಅಷ್ಟು. ಈಗ ಶಾಲೆ ತೆರೆದಿದೆ, ಮಿಸ್ ಎದುರಿಗೇ ಇದ್ದಾರೆ, ಆದರೂ "ಅಗತ್ಯ ಇದ್ದಷ್ಟು" ಅಂದರೆ ಹೇಗೆ?

ಒಂಬತ್ತು ಜನ ಅಮ್ಮಂದಿರು ಸೇರಿ ಪತ್ರ ಬರೆದಿದ್ದೇವೆ. ಟ್ಯಾಬ್ ಬೇಡವೇ ಬೇಡ ಅಂತೇನಿಲ್ಲ. ದಿನಕ್ಕೆ ಎಷ್ಟು ನಿಮಿಷ ಅಂತ ಬರೆದು ಕೊಡಿ, ಕನ್ನಡ ಕಾಪಿ ಪುಸ್ತಕ ನಿಲ್ಲಿಸಬೇಡಿ, ಮೂರು ಸಲ ಒತ್ತಿ ನಕ್ಷತ್ರ ತಗೊಂಡ ಮಗುವಿನ ಲೆಕ್ಕ ಮಿಸ್‌ಗೆ ಕಾಣುತ್ತಾ ಹೇಳಿ, ಅಷ್ಟೇ. ಬುಧವಾರ ಪ್ರಿನ್ಸಿಪಾಲ್ ಕರೆದಿದ್ದಾರೆ.

ಮೇಷ್ಟ್ರೇ, ಇನ್ನೊಂದು ವಿಷಯ. ಮಗಳಿಗೆ ಕಲ್ಲಿನ ಸ್ಲೇಟು ಹುಡುಕುತ್ತಿದ್ದೇನೆ, ಎಲ್ಲ ಕಡೆ ಪ್ಲಾಸ್ಟಿಕ್‌ದೇ ಸಿಗುತ್ತಿದೆ.

ಬಳಪದ ಮೇಷ್ಟ್ರು:

ಗ್ರಂಥಿಗೆ ಅಂಗಡಿಯಲ್ಲಿ ಕೇಳಿ ನೋಡಿ, ಅಕ್ಷರಾಭ್ಯಾಸಕ್ಕೆ ಅಂತ ಇಟ್ಟಿರುತ್ತಾರೆ. ಮರದ ಚೌಕಟ್ಟು ಗಟ್ಟಿ ಇದೆಯಾ ನೋಡಿಕೊಂಡು ತಗೊಳ್ಳಿ. ಬೀಳಿಸೇ ಬೀಳಿಸುತ್ತಾಳೆ.