ಸಹಾಯ ಬೇಕು: ಮಕ್ಕಳೇ ಕಟ್ಟೋ ದೃಶ್ಯ, ಪರೀಕ್ಷೆಗೆ ಮೂರೇ ವಾರ

ಎಲ್ಲರಿಗೂ ಶರಣ್ರೀ. ಕೊಪ್ಪಳದಾಗ ಸಂಜೆ ಹೊತ್ತು ಮಕ್ಕಳಿಗೆ ನಾಟಕ ಹೇಳಿಕೊಡ್ತೀನಿ. ಈ ಸಲ ಐದು ಮಂದಿ ನಾಟಕದ ಪರೀಕ್ಷೆಗೆ ಕೂತಾರ, ಎಲ್ಲ 14-15 ವಯಸ್ಸಿನವ್ರು. ಬರೆದಿಟ್ಟ ನಾಟಕ ಆಡಂಗಿಲ್ಲ. ಒಂದು ವಸ್ತುನೋ ಚಿತ್ರನೋ ಹಿಡಕೊಂಡು ತಾವೇ ಹತ್ತು ನಿಮಿಷದ ದೃಶ್ಯ ಕಟ್ಟಬೇಕು, ಹೆಂಗ ಕಟ್ಟಿದ್ರು ಅಂತ ದಿನಚರಿ ಬರೀಬೇಕು.

ಮೊನ್ನೆ ಒಂದು ತುಂಡು ಕಬ್ಬಿಣದ ಚೈನು ತಂದು ನಡುವೆ ಇಟ್ಟೆ. ಒಬ್ಬಾಕಿ ತಟ್ಟನೆ 'ಡ್ಯಾಮಿಂದು' ಅಂದ್ಲು. 2024ರ ಆಗಸ್ಟ್‌ನಾಗ ಚೈನು ತುಂಡಾಗಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿದ್ದು ಮಕ್ಕಳಿಗೂ ನೆನಪೈತಿ. ಐದೂ ಮಂದಿ ತೋಳಿಗೆ ತೋಳು ಹೆಣೆದು ಗೇಟಾಗಿ ನಿಂತ್ರು. ನಡುವಿನ ಹುಡುಗ ಕೈ ಬಿಟ್ಟ, ಉಳಿದವ್ರು ಮಾತಿಲ್ಲದೆ ಒಬ್ಬೊಬ್ಬರೇ ಉರುಳಿದ್ರು. ನನಗ ಮೈ ಜುಮ್ ಅಂತು. ಆಮೇಲೆ ಮಾತು ಶುರುವಾತು ನೋಡ್ರಿ, ಪೂರಾ ಟಿವಿ ಸೀರಿಯಲ್! ರೈತ ಎದೆ ಹಿಡಕೊಂಡು ಬಿದ್ದ, ಹೆಂಡತಿ ಬೋರಾಡಿ ಅತ್ಲು, ಅಧಿಕಾರಿ ಗಹಗಹಿಸಿ ನಕ್ಕ.

ಬಯಲಾಟದಾಗ ಪಾತ್ರಗಳನ್ನ ಮಾತಾಡಿಸೋ ಸಾರಥಿ ಥರ ಒಬ್ಬನ್ನ ನಿಲ್ಲಿಸಿ ಪ್ರಶ್ನೆ ಕೇಳಿಸಿದ್ರ ಈ ಗೋಳಾಟ ಇಳೀಬಹುದು. ಆದ್ರ ಅದು ನನ್ನ ಐಡಿಯಾ ಆಗ್ತೈತಿ, ಅವರದ್ದಲ್ಲ. ಮಾಸ್ತರು ಎಲ್ಲಿ ಕೈ ಹಾಕಬೇಕು, ಎಲ್ಲಿ ಸುಮ್ಮನಿರಬೇಕು?

ದಿನಚರಿಯಾಗ ದಿನಾ ಒಂದೇ ಸಾಲು: 'ಇವತ್ತು ಪ್ರಾಕ್ಟೀಸ್ ಮಾಡಿದೆವು, ಚೆನ್ನಾಗಿತ್ತು.' ಯಾಕ ಬದಲಾಯಿಸಿದ್ವಿ ಅಂತ ಬರೆಸೋದು ಹೆಂಗ? ಇನ್ನ ಒಬ್ಬ ಹುಡುಗಿ ಬಾಯೇ ಬಿಡಂಗಿಲ್ಲ, ಅಂಕ ನೋಡಿದ್ರ ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ.

ಬಳ್ಳಾರಿ, ರಾಯಚೂರು ಕಡೆ ಮಕ್ಕಳ ರಂಗಶಿಬಿರ ಮಾಡಿಸಿದವ್ರು ಇದ್ರ ದಯವಿಟ್ಟು ತಿಳಿಸ್ರಿ. ಒಂದು ಭಾನುವಾರ ಎರಡು ತಾಸು ಬಂದು ನೋಡಿದ್ರಂತೂ ಭಾಳ ಚಲೋ. ಬಸ್ ಚಾರ್ಜು ನಂದು, ಒಗ್ಗರಣಿ-ಮಿರ್ಚಿನೂ ನಂದೇ.